ಕೆಮ್ಮಿನ ಶ್ರುತಿ

ಚಿತ್ರದುರ್ಗದ ಸಂತೇಪೇಟೆಯಲ್ಲಿ ಮೃದಂಗ, ತಬಲಗಳಿಗೆ ಚರ್ಮ ಕಟ್ಟಿಕೊಡುತ್ತಿದ್ದ ಕಾಟಲಿಂಗಪ್ಪನಿಗೆ ಬಲು ದೊಡ್ಡ ಕಿವಿಗಳಿದ್ದವು. ಬೆಳಗಿನ ಬಿಸಿಲಿಗೆ ಬೆನ್ನು ಹಾಕಿ ಕೂತರೆ ಎರಡೂ ಕೆಂಪಗೆ ಹೊಳೆಯುತ್ತಿದ್ದವು. ಯಾರಾದರೂ ಅವನ ಕಥೆ ಕೇಳಿದರೆ ಅವನು ಕಿವಿಯಿಂದಲೇ ಶುರು ಮಾಡುತ್ತಿದ್ದ. "ದೇವ್ರು ನನಗೆ ಬಾಗ್ಲು ಮಾತ್ರ ದೊಡ್ಡದು ಮಡಗ್ದ ಸ್ವಾಮಿ, ಒಳಗೆ ಸಾಮಾನು ಇಡೋದು ಮರ್ತುಬಿಟ್ಟ" ಎನ್ನುತ್ತಿದ್ದ.

ಮಾತು ತಮಾಷೆಗೆ ಹೇಳಿದ್ದಾದರೂ ಸುಳ್ಳಾಗಿರಲಿಲ್ಲ. ಅವನಿಗೆ ಸದ್ದು ಕೇಳಿಸುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಹಾರ್ಮೋನಿಯಂನ ಈ ತುದಿಯ ಮನೆ ಒತ್ತಿದರೂ ಆ ತುದಿಯ ಮನೆ ಒತ್ತಿದರೂ ಅವನ ಪಾಲಿಗೆ ಅದು ಹಾರ್ಮೋನಿಯಂ ಅಷ್ಟೆ.

ಇದು ಗೊತ್ತಾಗಿದ್ದು ಎಳೆತನದಲ್ಲೇ. ತುರುವನೂರಿನ ಕಡೆಯ ಒಂದು ಹಟ್ಟಿ ಅವನದು. ಮನೆತನದ ಕಸುಬು ಕುರಿ. ಹಟ್ಟಿಯ ಪುಟ್ಟ ಮಕ್ಕಳೂ ತಮ್ಮ ಮಂದೆಯನ್ನು ಕೂಗಿನಿಂದಲೇ ಗುರುತಿಸುತ್ತಿದ್ದವು. ಕಾಟಲಿಂಗಪ್ಪ ಮಾತ್ರ ಒಂದೇ ವರ್ಷದಲ್ಲಿ ಮೂರು ಸಲ ಬೇರೆಯವರ ಮಂದೆಯನ್ನು ಮನೆಗೆ ಹೊಡೆದುಕೊಂಡು ಬಂದ. ಮೂರನೆಯ ಸಲ ಕುರಿಗಳೇ ಅನುಮಾನ ಬಂದು ಹಟ್ಟಿಯ ಬೇಲಿಯ ಹತ್ತಿರ ನಿಂತುಬಿಟ್ಟವಂತೆ. ಅಪ್ಪ ಯತ್ತಪ್ಪ ಬೈಯಲಿಲ್ಲ. ಕೋಲನ್ನು ಕೈಯಿಂದ ಇಸಿದುಕೊಂಡು, "ನೀನು ಬೇರೆ ಏನಾರ ನೋಡ್ಕಳಪ್ಪ" ಎಂದ.

ಆ ಬೇರೆ ಏನೋ ಸಿಕ್ಕಿದ್ದು ಭರಮಸಾಗರದಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಗೆ ಪೆಟ್ಟಿಗೆ ಹೊರುವ ಆಳು ಬೇಕಾಗಿತ್ತು. ಹದಿನೇಳು ವರ್ಷದ ಕಾಟಲಿಂಗಪ್ಪ ಹೋಗಿ ಸೇರಿಕೊಂಡ. ಕಂಪನಿಯಲ್ಲಿ ತಬಲ, ಮೃದಂಗಗಳ ರಿಪೇರಿ ಮಾಡುತ್ತಿದ್ದ ಮಾರಣ್ಣ ಎಂಬ ಮುದುಕನಿಗೆ ಈ ಹುಡುಗನ ಕೈ ಮೆಚ್ಚುಗೆಯಾಯಿತು. ಕುರಿ ಮೇಕೆಗಳ ನಡುವೆ ಬೆಳೆದವನಿಗೆ ಚರ್ಮದ ಗುಣ ಬೆರಳಿನಲ್ಲೇ ಇತ್ತು. ಯಾವುದು ಎಳೇ ಮೇಕೆಯದು, ಯಾವುದು ಮುದಿ ಮೇಕೆಯದು, ಯಾವುದು ಮಳೆಗಾಲದಲ್ಲಿ ಸತ್ತಿದ್ದು ಎಂದು ಕಣ್ಣು ಮುಚ್ಚಿ ಸವರಿಯೇ ಹೇಳುತ್ತಿದ್ದ. ವಾದ್ಯದ ಬಾಯಿಗೆ ಹೊದಿಸುವ ಚರ್ಮದ ಮುಚ್ಚಿಗೆ ಹೆಣೆಯುವುದು, ಬಾರು ಎಳೆಯುವುದು, ಕಬ್ಬಿಣದ ಕಿಟ್ಟದ ಪುಡಿ ಮತ್ತು ಅನ್ನ ಅರೆದು ಮುಚ್ಚಿಗೆಯ ನಡುವೆ ಕಪ್ಪಗೆ ಕರಣೆ ಹಾಕುವುದು, ಎಲ್ಲವನ್ನೂ ಮಾರಣ್ಣ ಕಲಿಸಿದ. ಕೊನೆಯಲ್ಲಿ ಮುಚ್ಚಿಗೆಯ ಅಂಚನ್ನು ಕಲ್ಲಿನಿಂದ ಬಡಿದು ಶ್ರುತಿ ಕೂಡಿಸುವುದನ್ನು ಕಲಿಸಲು ಕೂತ. ಎಂಟು ದಿನದ ಮೇಲೆ ಮುದುಕ ಕಲ್ಲು ಕೆಳಗಿಟ್ಟು, "ಕಾಟಾ, ಇದೊಂದನ್ನ ಹಾರ್ಮೋನಿಯಂ ಮಾಸ್ತರು ಮಾಡ್ಲಿ ಬಿಡು" ಎಂದ. ಹಾಗೆ ಹದಿನೈದು ವರ್ಷ ನಡೆಯಿತು. ಹಸಿ ಚರ್ಮದ ಕೆಲಸ ಹಿಡಿದನೆಂದು ಹಟ್ಟಿಯಲ್ಲಿ ಕೆಲವರು ಅವನ ಪಕ್ಕ ಕೂತು ಉಣ್ಣುವುದನ್ನು ಬಿಟ್ಟಿದ್ದರು. "ಸದ್ಯ, ಅವ್ರ ಕುರಿ ಉಳ್ಕಂಡ್ವು" ಎಂದು ಇವನೇ ನಗುತ್ತಿದ್ದ.

ಸಿನಿಮಾ ಟೆಂಟುಗಳ ಹಾವಳಿಯಲ್ಲಿ ಕಂಪನಿ ಮುಚ್ಚಿದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಅವನು ಸಂತೇಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದ. ಎದುರಿಗೆ ಮೃದಂಗಗಳ ಸಾಲು, ಮೊಳೆಗೆ ನೇತುಹಾಕಿದ ಗೆಜ್ಜೆಪಟ್ಟಿಗಳು, ನಾಟ್ಯದ ಹುಡುಗಿಯರಿಗೆ ಬೇಕಾದ ಸೊಂಟದ ಪಟ್ಟಿ, ಜಡೆಕುಚ್ಚು, ಬೈತಲೆಬೊಟ್ಟು. ನಡುವೆ ಒಂದು ಹಳೇ ಸೀರೆಯ ಪರದೆ. ಪರದೆಯ ಹಿಂದೆ ಒಲೆ. ಅಡುಗೆಗೆಂದು ಅಕ್ಕ ಹುಚ್ಚಕ್ಕ ಬಂದಳು. ಅವನಿಗಿಂತ ಎಂಟು ವರ್ಷ ದೊಡ್ಡವಳು, ಗಂಡ ಸತ್ತವಳು, ನಲವತ್ತು ದಾಟುವ ತನಕ ಕುರಿ ಹಿಂದೆ ತಿರುಗಿದವಳು.

ಅಂಗಡಿ ತೆರೆದ ಮೇಲೆ ಕಾಟಲಿಂಗಪ್ಪನಿಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಹಾರ್ಮೋನಿಯಂ ಮಾಸ್ತರು ಇಲ್ಲ.

ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಶಿವಕುಮಾರಪ್ಪ ಮೇಷ್ಟ್ರು ಒಳ್ಳೆಯ ಮೃದಂಗ ವಾದಕರು. ಅವರು ಬಲಗಡೆಗೆ ಹೊಸ ಮುಚ್ಚಿಗೆ ಹಾಕಿಸಿಕೊಳ್ಳಲು ಬಂದರು. ಕಾಟಲಿಂಗಪ್ಪ ಅಂದವಾಗಿ ಹಾಕಿಕೊಟ್ಟ. ಮಾರನೆಯ ವಾರ ಮೇಷ್ಟ್ರು ಬಸ್ಸು ಹತ್ತಿ ವಾಪಸು ಬಂದರು. "ಚರ್ಮ ಬಂಗಾರ ಕಣ್ರೀ, ಶ್ರುತಿ ಮಾತ್ರ ಕೂಡಿಲ್ಲ" ಎಂದರು. ಸರಿ ಮಾಡಿಕೊಟ್ಟ. ಇನ್ನೊಂದು ವಾರಕ್ಕೆ ಮತ್ತೆ ಬಂದರು. ಮೂರನೆಯ ಸಲ ಬಂದಾಗ ಅಲ್ಲೇ ಕೂತು, ಅಂಗಡಿಯ ಹಳೇ ಹಾರ್ಮೋನಿಯಂನ ಒಂದು ಮನೆ ಒತ್ತಿ ಹಿಡಿದು, "ಇದಕ್ಕೆ ಕೂಡಿಸ್ರಿ, ನಾನು ನೋಡ್ತೀನಿ" ಎಂದರು.

ಕಾಟಲಿಂಗಪ್ಪ ಕಲ್ಲು, ಕಟ್ಟಿಗೆ ತುಂಡು ತೆಗೆದುಕೊಂಡು ಮುಚ್ಚಿಗೆಯ ಅಂಚನ್ನು ಸುತ್ತಲೂ ಬಡಿಯತೊಡಗಿದ. ಬೆವರು ಮೂಗಿನ ತುದಿಗೆ ಬಂತು. ಆಗ ಪರದೆಯ ಹಿಂದೆ ಅವರೆಕಾಯಿ ಸುಲಿಯುತ್ತಿದ್ದ ಹುಚ್ಚಕ್ಕ ತನ್ನಷ್ಟಕ್ಕೆ ತಾನೇ ಎಂಬಂತೆ ಅಂದಳು: "ಆ ಬಾಗ್ಲು ಕಡೆ ಅಂಚು ಇನ್ನೂ ತಾಯಿ ಬಿಟ್ಟ ಮರಿ ಅಳ್ದಂಗೆ ಅಳ್ತೈತೆ. ಅದರ ಪಕ್ಕದ್ದು ಹೊಟ್ಟೆ ತುಂಬಿದ್ ಕುರಿ, ಅದಕ್ಕೇನೂ ಮಾಡ್ಬ್ಯಾಡ."

ಕಾಟಲಿಂಗಪ್ಪ ಬಾಗಿಲ ಕಡೆಯ ಅಂಚಿಗೆ ಎರಡು ಪೆಟ್ಟು ಕೊಟ್ಟ. ಮೇಷ್ಟ್ರು ಬೆರಳು ಮೀಟಿದರು, ಕಣ್ಣರಳಿಸಿದರು. ಅವರಿಗೆ ಒಳಗಿನ ಮಾತು ಯಾವುದೋ ಕುರಿಯ ವಿಚಾರವೆನಿಸಿತ್ತು. "ಆಹಾ! ಇದು ನೋಡ್ರಿ ಕಿವಿ ಅಂದ್ರೆ!" ಎಂದು ಕಾಟಲಿಂಗಪ್ಪನ ಭುಜ ತಟ್ಟಿದರು.

ಆ ಕ್ಷಣದಲ್ಲಿ "ನನ್ನದಲ್ಲ ಸ್ವಾಮಿ, ಅಕ್ಕನ ಕಿವಿ" ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಬದುಕಿನಲ್ಲಿ ಮೊದಲ ಸಲ ಯಾರೋ ಆ ಕಿವಿಗಳನ್ನು ಹೊಗಳಿದ್ದರು. ತೆರೆದ ಬಾಯಿಂದ "ಏನೋ ತಮ್ಮ ಆಶೀರ್ವಾದ" ಎಂಬ ಮಾತು ಹೊರಬಂತು. ಮುಂದೆ ಎಷ್ಟೋ ವರ್ಷ ಅವನು ಇದನ್ನು ಹೇಳುವಾಗ, "ಒಂದು ಆಶೀರ್ವಾದಕ್ಕೆ ಮೂರು ವರ್ಷ ಸುಳ್ಳು ಹೇಳ್ದೆ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಸಂಜೆ ಅಕ್ಕತಮ್ಮ ಒಪ್ಪಂದ ಮಾಡಿಕೊಂಡರು. ಒಳಗಿನಿಂದ ಕುರಿ ಕುರಿ ಎಂದು ಮಾತು ಬಂದರೆ ಗಿರಾಕಿಗೆ ಅನುಮಾನ. ಆದ್ದರಿಂದ ಕೆಮ್ಮು. ಶ್ರುತಿ ಏರಬೇಕಾದರೆ ಎರಡು ಕೆಮ್ಮು. ಇಳಿಯಬೇಕಾದರೆ ಗಂಟಲು ಕ್ಯಾಕರಿಸುವುದು. ಕೂಡಿದ ಮೇಲೆ ಒಂದೇ ಕೆಮ್ಮು.

"ಹೊರಗೆ ಬಂದು ಕುಂತು ಹೇಳಿದ್ರೆ ಏನಾಗ್ತೈತೆ?" ಹುಚ್ಚಕ್ಕ ಕೇಳಿದಳು.

"ಕುರಿ ಕಾಯೋ ಹೆಂಗಸು ಶ್ರುತಿ ಹೇಳ್ತಾಳೆ ಅಂದ್ರೆ ಯಾರಕ್ಕಾ ನಂಬ್ತಾರೆ?" ಎಂದ, ಕುರಿ ಕಾಯಲೂ ಬಾರದ ತಮ್ಮ.

ಹುಚ್ಚಕ್ಕ ಒಲೆಗೆ ಸೌದೆ ತಳ್ಳಿದಳು.

ವ್ಯವಹಾರ ಸಲೀಸಾಗಿ ನಡೆಯಿತು. ಕಾಟಲಿಂಗಪ್ಪ ಕಣ್ಣು ಮುಚ್ಚುವುದನ್ನು ಕಲಿತ. ತಲೆಯನ್ನು ಮೃದಂಗದ ಮೇಲೆ ವಾಲಿಸಿ, ಒಂದು ಬೆರಳು ಎತ್ತಿ, "ಶ್! ಸ್ವಲ್ಪ ಸುಮ್ನಿರ್ರಿ" ಎನ್ನುವುದನ್ನೂ ಕಲಿತ. ಗಿರಾಕಿಗಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆ ಮೌನದಲ್ಲಿ ಅಕ್ಕನ ಕೆಮ್ಮು ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಅಕ್ಕನಿಗೆ ಎದೆಯಲ್ಲಿ ಕಫ, ಏನು ಮಾಡಿದ್ರೂ ಹೋಗ್ತಿಲ್ಲ" ಎಂದು ಅವನು ಮುಖ ಸಣ್ಣಗೆ ಮಾಡಿ ಹೇಳುತ್ತಿದ್ದ. ಶಿವಕುಮಾರಪ್ಪ ಮೇಷ್ಟ್ರು ಮರುಗಿ, ಬಂದಾಗಲೆಲ್ಲ ಒಂದು ಬಾಟಲಿ ಜೇನುತುಪ್ಪ, ಒಂದು ಹಿಡಿ ಹಿಪ್ಪಲಿ ತಂದುಕೊಡುತ್ತಿದ್ದರು. ಹುಚ್ಚಕ್ಕ ಜೇನುತುಪ್ಪವನ್ನು ರಾಗಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಕೆಮ್ಮು ಮಾತ್ರ ವಾಸಿಯಾಗಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಹಿರಿಯೂರು, ಹೊಸದುರ್ಗಗಳಿಂದಲೂ ಜನ ಬರತೊಡಗಿದರು. 'ಶ್ರುತಿ ಕಾಟಲಿಂಗಪ್ಪ' ಎಂಬ ಹೆಸರು ಬಿತ್ತು. ಅವನೇ ಪೇಂಟರನ್ನು ಕರೆಸಿ ಅದನ್ನು ಬೋರ್ಡಿನ ಮೇಲೆ ಬರೆಸಿದ. ಪಕ್ಕದಲ್ಲಿ ಒಂದು ಕಿವಿಯ ಚಿತ್ರ ಹಾಕಿಸಬೇಕೆಂದೂ ಆಸೆಯಿತ್ತು. ಪೇಂಟರು ಅದು ಡಾಕ್ಟರ ಅಂಗಡಿಯ ಹಾಗೆ ಕಾಣುತ್ತದೆಂದು ಒಪ್ಪಲಿಲ್ಲ.

ಎಪ್ಪತ್ತೈದರ ಜನವರಿಯಲ್ಲಿ ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಮುರುಗಪ್ಪ ಅಂಗಡಿಗೆ ಬಂದ. ಅವನ ಮಗಳು ಪುಟ್ಟಕ್ಕ ಆರು ವರ್ಷದಿಂದ ಭರತನಾಟ್ಯ ಕಲಿತಿದ್ದಳು. ಈಗ ಮೊದಲ ಸಲ ಪೂರಾ ಕಾರ್ಯಕ್ರಮ. ಗೆಜ್ಜೆಯಿಂದ ಹಿಡಿದು ಜಡೆಕುಚ್ಚಿನ ತನಕ ಎಲ್ಲ ಕಾಟಲಿಂಗಪ್ಪನ ಅಂಗಡಿಯಿಂದಲೇ ಆಯಿತು. ಜೊತೆಗೆ ಒಂದು ಹೊಸ ಮೃದಂಗವನ್ನೂ ಕೊಂಡ. ಬಾರಿಸುವವರು ಶಿವಕುಮಾರಪ್ಪ ಮೇಷ್ಟ್ರೇ. "ತಾವೂ ಬರ್ಬೇಕು. ಮುಂದಿನ ಸಾಲಿನಾಗೆ ಕುಂತ್ಕಬೇಕು" ಎಂದು ಮುರುಗಪ್ಪ ಕೈ ಮುಗಿದ.

"ನಾನೂ ಬರ್ತೀನಿ. ಅವಳ ಗೆಜ್ಜೆ ಪೋಣಿಸಿದ್ದು ನಾನು, ಅದು ಕುಣಿಯೋದು ನೋಡ್ಬೇಕು" ಎಂದಳು ಹುಚ್ಚಕ್ಕ. ಕಾಟಲಿಂಗಪ್ಪನಿಗೆ ಬೇಡವೆನ್ನಲು ನೆಪ ಸಿಗಲಿಲ್ಲ.

ಕಾರ್ಯಕ್ರಮ ನಡೆದದ್ದು ಮುರುಗಪ್ಪನ ಕೊಬ್ಬರಿ ಗೋದಾಮಿನಲ್ಲಿ. ಗುಡಿಸಿ, ತೊಳೆದು, ಜಮಖಾನ ಹಾಸಿದ್ದರು. ಆದರೂ ತೊಲೆಗಳ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ತೆಂಗಿನ ನಾರಿನ ಧೂಳು ಸಂಜೆಗಾಳಿಗೆ ಸಣ್ಣಗೆ ಉದುರುತ್ತಿತ್ತು. ಅದರ ಮೇಲೆ ಮಾಗಿಯ ಚಳಿ. ಗಂಡಸರ ಸಾಲು, ಹೆಂಗಸರ ಸಾಲು, ಎಲ್ಲ ಕಡೆ ನೆಗಡಿ. ಕಾಟಲಿಂಗಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಹುಚ್ಚಕ್ಕ ಹೆಂಗಸರ ನಡುವೆ ಎಲ್ಲೋ ಕೂತಳು.

ಮೊದಲ ನೃತ್ಯ ಚೆನ್ನಾಗಿಯೇ ಆಯಿತು. ಪುಟ್ಟಕ್ಕ ಹೆಜ್ಜೆ ಇಟ್ಟರೆ ಗೆಜ್ಜೆ ಒಂದೇ ಬಾಯಲ್ಲಿ ನುಡಿಯುತ್ತಿತ್ತು. ಎರಡನೆಯದಕ್ಕೆ ಮೇಷ್ಟ್ರು ಜೋರಾಗಿ ಒಂದು ಮುಕ್ತಾಯ ಬಾರಿಸುವಾಗ ಅವರ ಹಳೇ ಮೃದಂಗದ ಬಾರು ಫಟ್ಟೆಂದು ಕಿತ್ತುಹೋಯಿತು. ಗಾಬರಿಯೇನೂ ಇರಲಿಲ್ಲ, ಹೊಸದು ಪಕ್ಕದಲ್ಲೇ ಇತ್ತು. ಚಳಿಗೆ ಅದರ ಶ್ರುತಿ ಒಂದಿಷ್ಟು ಇಳಿದಿತ್ತು, ಅಷ್ಟೆ. ಮೇಷ್ಟ್ರು ಕಲ್ಲು ತೆಗೆದುಕೊಂಡು ತಾವೇ ಕೂಡಿಸಿಕೊಳ್ಳಲು ಹೊರಟಿದ್ದರು. ಅಷ್ಟರಲ್ಲಿ ಮುರುಗಪ್ಪ ಮೈಕಿನ ಹತ್ತಿರ ಬಂದ.

"ಮಹಾಜನರೇ, ನಮ್ಮ ಜಿಲ್ಲೆಗೇ ಹೆಸರಾದ ಶ್ರುತಿ ಕಾಟಲಿಂಗಪ್ಪನವರು ಇಲ್ಲೇ ಅವರೆ. ಅವರ ಕೈಯಿಂದ್ಲೇ ಆಗ್ಲಿ. ನೀವೂ ಕಣ್ತುಂಬ ನೋಡ್ರಿ!"

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗೌರವದಿಂದ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಕಾಟಲಿಂಗಪ್ಪನ ಕಾಲು ವೇದಿಕೆ ಹತ್ತಿದ್ದು ಅವನಿಗೇ ತಿಳಿಯಲಿಲ್ಲ. ಕೂತು, ಕಲ್ಲು ಹಿಡಿದು, ಅಭ್ಯಾಸಬಲದಿಂದ ಬೆರಳೆತ್ತಿ "ಶ್!" ಎಂದ. ಗೋದಾಮು ಸ್ತಬ್ಧವಾಯಿತು. ಶ್ರುತಿಪೆಟ್ಟಿಗೆ ಮಾತ್ರ ಗುಂಯ್ ಎನ್ನುತ್ತಿತ್ತು.

ಅವನು ಒಂದು ಪೆಟ್ಟು ಹಾಕಿ ಕಾದ. ಎರಡು ಕೆಮ್ಮು ಕೇಳಿಸಿತು. ಸರಿ, ಏರಬೇಕು. ಇನ್ನೆರಡು ಪೆಟ್ಟು ಹಾಕಿದ. ಮತ್ತೆ ಎರಡು ಕೆಮ್ಮು, ಈ ಸಲ ಗಂಡಸರ ಕಡೆಯಿಂದ. ಆಮೇಲೆ ಹೆಂಗಸರ ಕಡೆ ಒಂದು. ಸಾಕೆಂದು ಕೈ ಎತ್ತುವಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ಅಜ್ಜ ಏಳೆಂಟು ಸಲ ಕೆಮ್ಮಿದ. ಏಳೆಂಟು ಎಂದರೆ ಎರಡರ ನಾಲ್ಕು ಪಾಲು ಎಂದು ಲೆಕ್ಕ ಹಾಕಿ ಕಾಟಲಿಂಗಪ್ಪ ಸುತ್ತಲೂ ಬಾರಿಸಿದ. ಯಾರೋ ಕ್ಯಾಕರಿಸಿದರು. ಗಾಬರಿಯಾಗಿ ಕೆಳಗಿನಿಂದ ಮೇಲಕ್ಕೆ ಹೊಡೆದು ಇಳಿಸಿದ. ಮತ್ತೆ ಎರಡು ಕೆಮ್ಮು, ಮತ್ತೆ ಏರಿಸಿದ. ಇಡೀ ಹೊಸದುರ್ಗ ತನಗೆ ಬೇರೆ ಬೇರೆ ಸಲಹೆ ಕೊಡುತ್ತಿದೆ ಎನಿಸಿತು. ಎಲ್ಲವನ್ನೂ ಪಾಲಿಸಿದ.

ಮೃದಂಗ ಈಗ ಕೀಚಲು ದನಿಯಲ್ಲಿ ಕಿರುಚುತ್ತಿತ್ತು. ಮೇಷ್ಟ್ರ ಹುಬ್ಬು ಹಣೆಯ ಅರ್ಧಕ್ಕೆ ಹೋಗಿತ್ತು. ಪಾಪ, ಪುಟ್ಟಕ್ಕ ಕೈ ಸೊಂಟಕ್ಕಿಟ್ಟು ಕಾದು ಕಾದು ಕಾಲು ಬದಲಿಸಿದಳು. ಗೆಜ್ಜೆ ಝಲ್ಲೆಂದಿತು. ಕಾಟಲಿಂಗಪ್ಪ ಅದನ್ನೂ ಒಂದು ಸೂಚನೆಯೆಂದು ತಿಳಿದು ಇನ್ನೊಂದು ಪೆಟ್ಟು ಹಾಕಿದ.

ಕೊನೆಗೆ ಕಣ್ಣು ತೆರೆದು ಹೆಂಗಸರ ಸಾಲಿನಲ್ಲಿ ಅಕ್ಕನನ್ನು ಹುಡುಕಿದ. ಸಿಕ್ಕಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಭುಜಗಳು ಕುಲುಕುತ್ತಿದ್ದವು. ಕೆಮ್ಮೋ ನಗುವೋ ತಿಳಿಯಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯುವುದನ್ನು ಕಂಡ ಮೇಲೆ ನಗುವೆಂದು ತಿಳಿಯಿತು.

ಹುಚ್ಚಕ್ಕ ಎದ್ದಳು. ಕೂತವರ ಕಾಲು ದಾಟಿಕೊಂಡು ಬಂದು ವೇದಿಕೆ ಹತ್ತಿ, "ಸರ್ಕಳ್ಲೇ ಅತ್ಲಾಗೆ" ಎಂದು ತಮ್ಮನ ಕೈಯಿಂದ ಕಲ್ಲು ಇಸಿದುಕೊಂಡಳು. ಮೃದಂಗವನ್ನು ಮಡಿಲಿಗೆ ಎಳೆದುಕೊಂಡು, ಬೆರಳಿನಿಂದ ಸುತ್ತಲೂ ಒಮ್ಮೆ ತಟ್ಟಿ ಕೇಳಿದಳು. ಕೆಳಗಿನಿಂದ ಐದಾರು ಪೆಟ್ಟು, ಮೇಲಿನಿಂದ ಎರಡು. ಮೇಷ್ಟ್ರ ಕಡೆ ತಳ್ಳಿ, "ಈಗ ನೋಡ್ರಿ" ಎಂದಳು. ಮೇಷ್ಟ್ರು ಮೀಟಿದರು. ಮೃದಂಗದ ನಾದ ಶ್ರುತಿಪೆಟ್ಟಿಗೆಯ ನಾದದೊಳಗೆ ಹೋಗಿ ಕರಗಿತು.

"ತಾವು ಯಾರಮ್ಮ?" ಮೇಷ್ಟ್ರು ಕೇಳಿದರು. ಅವರು ಮೂರು ವರ್ಷದಲ್ಲಿ ಒಮ್ಮೆಯೂ ಪರದೆಯ ಹಿಂದಿನ ಮುಖವನ್ನು ನೋಡಿರಲಿಲ್ಲ.

"ಇವ್ನ ಅಕ್ಕ. ಕೆಮ್ಮೋಳು" ಎಂದಳು ಹುಚ್ಚಕ್ಕ.

ಮೈಕು ಹತ್ತಿರವೇ ಇತ್ತು. ಮಾತು ಗೋದಾಮಿನ ತುದಿಗೂ ತಲುಪಿತು. ಕಾಟಲಿಂಗಪ್ಪನಿಗೆ ಇನ್ನೂ ಒಂದು ದಾರಿಯಿತ್ತು. ಚಳಿಗೆ ಕೈ ಮರಗಟ್ಟಿತ್ತು ಎಂದು ಹೇಳಬಹುದಿತ್ತು, ಜನ ನಂಬುತ್ತಿದ್ದರು. "ಚಳಿಗೆ..." ಎಂದು ಶುರುವೂ ಮಾಡಿದ. ಆಗ ಅಕ್ಕ ಅವನತ್ತ ತಿರುಗಿ ನೋಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇವನು ಏನು ಹೇಳುತ್ತಾನೆಂದು ಸುಮ್ಮನೆ ಕಾಯುತ್ತಿದ್ದಳು.

"ಚಳಿ ಅಲ್ಲ ಸ್ವಾಮಿ" ಎಂದ ಕಾಟಲಿಂಗಪ್ಪ. "ನನಗೆ ಶ್ರುತಿ ತಿಳಿಯಲ್ಲ. ಚಿಕ್ಕಂದಿನಿಂದ್ಲೂ ತಿಳಿಯಲ್ಲ. ಮೂರು ವರ್ಷ ತಮ್ಮೆಲ್ಲರ ಮೃದಂಗ ಕೂಡಿಸ್ದೋಳು ಇವಳು. ಒಳಗಿಂದ ಕೆಮ್ತಿದ್ಲು, ಹೊರಗೆ ನಾನು ಬಡೀತಿದ್ದೆ. ಇವತ್ತು ನೀವೆಲ್ಲ ಕೆಮ್ಮಿಬಿಟ್ರಿ, ನನಗೆ ಯಾರ ಮಾತು ಕೇಳ್ಬೇಕೋ ತಿಳೀಲಿಲ್ಲ."

ಮೊದಲು ಮೂಲೆಯ ಅಜ್ಜ ನಗಲು ಶುರು ಮಾಡಿದ. ಅವನ ನಗು ಕೆಮ್ಮಿಗೆ ತಿರುಗಿತು. ಅದನ್ನು ಕೇಳಿ ಗೋದಾಮು ಪೂರಾ ಹೊಟ್ಟೆ ಹಿಡಿದು ನಕ್ಕಿತು. ಸನ್ಮಾನದ ಶಾಲು ಹಿಡಿದು ನಿಂತಿದ್ದ ಮುರುಗಪ್ಪ ಒಮ್ಮೆ ತಮ್ಮನನ್ನು, ಒಮ್ಮೆ ಅಕ್ಕನನ್ನು ನೋಡಿ, ಕೊನೆಗೆ ಅದನ್ನು ಹುಚ್ಚಕ್ಕನ ಹೆಗಲಿಗೆ ಹೊದಿಸಿದ.

"ಹಂಗಾದ್ರೆ ನನ್ನ ಜೇನುತುಪ್ಪ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಬಲು ರುಚಿಯಾಗಿತ್ತು ಮೇಷ್ಟ್ರೇ" ಎಂದಳು ಹುಚ್ಚಕ್ಕ.

ಪುಟ್ಟಕ್ಕನ ನೃತ್ಯ ಮುಂದುವರಿಯಿತು. ಕಾಟಲಿಂಗಪ್ಪ ಮುಂದಿನ ಸಾಲಿಗೆ ಹೋಗದೆ ಬಾಗಿಲ ಬಳಿ ಚೀಲಗಳ ಮೇಲೆ ಕೂತು ನೋಡಿದ.

ಆ ರಾತ್ರಿ ಮುರುಗಪ್ಪನ ಮನೆಯಲ್ಲೇ ಉಳಿದು, ಮಾರನೆಯ ಬೆಳಿಗ್ಗೆ ಚಿತ್ರದುರ್ಗದ ಬಸ್ಸು ಹತ್ತಿದರು. ಹೊಳಲ್ಕೆರೆ ದಾಟುವವರೆಗೂ ಹುಚ್ಚಕ್ಕ ಮುಖ ತಿರುಗಿಸಿಯೇ ಕೂತಿದ್ದಳು. ಅವಳ ಹೆಸರು ತಾನು ಕದ್ದದ್ದಕ್ಕೆ ಸಿಟ್ಟೆಂದು ಕಾಟಲಿಂಗಪ್ಪ ತಿಳಿದ.

"ತಪ್ಪಾಯ್ತಕ್ಕ. ಬೋರ್ಡಿನ ಮ್ಯಾಲೆ ನಿನ್ನ ಹೆಸರೇ ಬರೆಸ್ತೀನಿ" ಎಂದ.

"ಬೋರ್ಡು ತಗಂಡು ನಾನೇನು ಮಾಡ್ಲಿ, ಓದಾಕೆ ಬರ್ತದಾ ನನಗೆ?" ಎಂದಳು ಅವಳು ಕಿಟಕಿಯಾಚೆ ನೋಡುತ್ತ. "ಇಪ್ಪತ್ತೈದು ವರ್ಷ ಬಯಲಾಗೆ ಇದ್ದೋಳು ಕಣೋ ನಾನು. ಮೂರು ವರ್ಷ ಗ್ವಾಡೆ ನೋಡ್ಕಂಡು ಕುಂತೆ. ರೋಡಿನಾಗೆ ಯಾರು ಹೋದ್ರು, ಯಾರು ಬಂದ್ರು, ಒಂದೂ ಕಾಣ್ಲಿಲ್ಲ. ಪರದೆ ಒಂದು ಕಿತ್ತಾಕು, ಸಾಕು."

ಕಾಟಲಿಂಗಪ್ಪನಿಗೆ ಹೊಸದುರ್ಗದ ನಗುವಿಗಿಂತ ಇದು ಹೆಚ್ಚು ನಾಟಿತು. ಅಡುಗೆಯವಳಿಗೆ ಬೀದಿ ನೋಡುವ ಆಸೆ ಇದ್ದೀತೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಶ್ರುತಿ ಒಂದಕ್ಕೇ ಅಲ್ಲ, ಇನ್ನೂ ಎಷ್ಟೋ ವಿಷಯಕ್ಕೆ ತಾನು ಕಿವುಡನೆಂದುಕೊಂಡು ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಕಿವಿಗಳನ್ನು ಮುಟ್ಟಿಕೊಂಡ. ಬಸ್ಸು ಇಳಿದವನು ಮೊದಲು ಮಾಡಿದ ಕೆಲಸ ಸೀರೆಯ ಪರದೆಯನ್ನು ಎಳೆದು ಹಾಕಿದ್ದು. ಮೊಳೆ ಸಮೇತ ಒಂದಿಷ್ಟು ಗಾರೆಯೂ ಕಿತ್ತು ತಲೆ ಮೇಲೆ ಬಿತ್ತು.

ಒಂದು ತಿಂಗಳು ಗಿರಾಕಿಗಳು ಕಡಿಮೆಯಾದರು. ಹೆಂಗಸು ಮೃದಂಗ ಮುಟ್ಟುವುದೇ ಎಂದು ಇಬ್ಬರು ತಮ್ಮ ವಾದ್ಯಗಳನ್ನು ವಾಪಸು ಒಯ್ದರು. ಆಮೇಲೆ ಶಿವಕುಮಾರಪ್ಪ ಮೇಷ್ಟ್ರು ನಾಲ್ವರು ಶಿಷ್ಯರನ್ನೂ ಅವರ ಮೃದಂಗಗಳನ್ನೂ ಕರೆದುಕೊಂಡು ಬಂದು ಹುಚ್ಚಕ್ಕನ ಎದುರು ಕೂರಿಸಿದರು. "ಅಕ್ಕ ಹೇಳೋದು ಕೇಳ್ರಲೇ, ಪುಸ್ತಕದಾಗೆ ಇದು ಸಿಗಲ್ಲ" ಎಂದರು. ಹುಚ್ಚಕ್ಕ ಬೀದಿಗೆ ಮುಖ ಮಾಡಿ ಹಾಕಿಸಿಕೊಂಡ ಬೆಂಚಿನ ಮೇಲೆ ಕೂತು, ಹೋಗಿಬರುವವರನ್ನು ಮಾತಾಡಿಸುತ್ತಲೇ, "ಇದು ಬಿಸ್ಲು ಕಂಡ ಕುರಿ, ಇದಕ್ಕೆ ನೆಳ್ಳು ಬೇಕು" ಎಂದು ಒಂದೊಂದು ಅಂಚಿನ ಹಣೆಬರಹ ಹೇಳುತ್ತಿದ್ದಳು. ಹಿರಿಯೂರಿನ ಭಜನೆಯವರು ಕೂಡ ಅವಳನ್ನು ಬಸ್ಸಿನಲ್ಲಿ ಕರೆದೊಯ್ಯತೊಡಗಿದರು. ಆಗೆಲ್ಲ ಕಾಟಲಿಂಗಪ್ಪ ಕಲ್ಲಿನ ಚೀಲ ಹೊತ್ತು ಹಿಂದೆ ಹೋಗುತ್ತಿದ್ದ. "ಪೆಟ್ಟಿಗೆ ಹೊರೋ ಆಳಾಗಿ ಸೇರ್ದೋನು, ಬಡ್ತಿ ಸಿಕ್ಕಿ ಚೀಲ ಹೊರೋನಾದೆ" ಎಂದು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದ.

ಅಂಗಡಿಯಲ್ಲಿ ಅವನಿಗೆ ಕೆಲಸ ಕಮ್ಮಿಯೇನೂ ಆಗಲಿಲ್ಲ. ಚರ್ಮದ ಕೆಲಸ ಅವನದೇ. ಅದಕ್ಕಿಂತ ಹೆಚ್ಚಾಗಿ ಗೆಜ್ಜೆಪಟ್ಟಿಗಳಲ್ಲಿ ಅವನ ಕೈ ಪಳಗಿತು. ಒರಟು ಚರ್ಮಕ್ಕೆ ಹುಡುಗಿಯರ ಕಾಲು ಸುಲಿಯುವುದನ್ನು ನೋಡಿ, ಒಳಬದಿಗೆ ಎಳೆ ಕುರಿಯ ಉಣ್ಣೆಯ ಕಂಬಳಿ ತುಂಡು ಕೊಟ್ಟು ಹೊಲಿಯತೊಡಗಿದ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎಪ್ಪತ್ತೆಂಟರಲ್ಲಿ ಪುಟ್ಟಕ್ಕ ಗಂಡನ ಜೊತೆ ಅಂಗಡಿಗೆ ಬಂದಳು. ಗೆಜ್ಜೆಪಟ್ಟಿಯ ಒಂದು ಸಾಲು ಸಡಿಲವಾಗಿತ್ತು. ಕಾಟಲಿಂಗಪ್ಪ ಮೇಣ ಹಚ್ಚಿದ ದಾರ ತೆಗೆದು ಹೊಲಿದುಕೊಟ್ಟ. ಅವಳು ಕಟ್ಟಿಕೊಂಡು ಅಂಗಡಿಯ ಮುಂದೆಯೇ ನಾಲ್ಕು ಹೆಜ್ಜೆ ಹಾಕಿದಳು.

"ನಾದ ಸರಿಯಾಗೈತಾ ಮಾವ?" ಎಂದು ಕೇಳಿದಳು.

"ಅದನ್ನ ನಮ್ಮ ಅಕ್ಕನ್ನ ಕೇಳು ತಾಯಿ" ಎಂದ ಕಾಟಲಿಂಗಪ್ಪ, ನೆಲಕ್ಕೆ ಬಾಗಿ ಪಟ್ಟಿಯ ಅಂಚಿನೊಳಗೆ ಬೆರಳು ತೂರಿಸಿ ನೋಡುತ್ತ. "ನನಗೆ ಇಷ್ಟು ಹೇಳು, ಕಾಲಿಗೆ ನೋಯ್ತದಾ?"

"ಇಲ್ಲ ಮಾವ. ಕಟ್ಟಿದ್ದೇ ಗೊತ್ತಾಗಲ್ಲ" ಎಂದಳು ಪುಟ್ಟಕ್ಕ.